27 ಇಂಚಿನ ಮಾನಿಟರ್, ಅಗ್ಗದ ಅಡಾಪ್ಟರ್ ಮತ್ತು 165 ಮೆಗಾಹರ್ಟ್ಸ್: ದೀರ್ಘ ಬಳಕೆಯ ವಿಮರ್ಶೆ

ಪುಸ್ತಕಗಳ ಕರಡು ತಿದ್ದುವುದು ನನ್ನ ವೃತ್ತಿಯಾದ್ದರಿಂದ, ಎರಡು ಪುಟಗಳನ್ನು ಅಕ್ಕಪಕ್ಕ ತೆರೆದಾಗ ‘ದ’ ಮತ್ತು ‘ಧ’ ಬೇರೆಯಾಗಿ ಕಾಣುತ್ತವೆಯೇ, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದೆ ನಿಲ್ಲುತ್ತವೆಯೇ ಎಂದು ನೋಡಿಯೇ ಈ ಮಾನಿಟರನ್ನು ಕೊಂಡೆ. ದಿನವೂ ಬೆಳಿಗ್ಗೆ, ಒಗೆದು ಮೆತ್ತಗಾದ ಹತ್ತಿಬಟ್ಟೆಯಿಂದ ಪರದೆಯ ದೂಳು ಒರೆಸಿ, ಕಿಟಕಿಯ ಬೆಳಕಿಗೆ ತಕ್ಕಂತೆ ಹೊಳಪು ತಗ್ಗಿಸಿ, ಎಡಕ್ಕೆ ಮೂಲಪ್ರತಿಯನ್ನೂ ಬಲಕ್ಕೆ ಕರಡನ್ನೂ ಇಟ್ಟುಕೊಂಡು ಓದಲು ತೊಡಗಿದರೆ, ಮಧ್ಯಾಹ್ನದವರೆಗೂ ಕಣ್ಣಿಗೆ ಆಯಾಸವಾಗುವುದಿಲ್ಲ. ಇದರ ಉಳಿದ ಗುಣಲಕ್ಷಣಗಳನ್ನು ಎಲ್ಲರೂ ಓದಿರುತ್ತಾರೆ. ನಾನು ಬರೆಯಬೇಕಾಗಿರುವುದು ಈ ಮಾನಿಟರಿಗೂ ನನ್ನ ಹಳೆಯ ಪುಟ್ಟ ಕಂಪ್ಯೂಟರಿಗೂ ನಡುವೆ ಸಿಕ್ಕಿಸಿದ್ದ, ಬೆರಳುದ್ದದ ಒಂದು ಅಡಾಪ್ಟರಿನ ಬಗ್ಗೆ.

ಮಾನಿಟರಿನ ಡಿಸ್‌ಪ್ಲೇಪೋರ್ಟ್ ಕಿಂಡಿಯನ್ನು ಕಚೇರಿಯ ಲ್ಯಾಪ್‌ಟಾಪಿಗೆ ಬಿಟ್ಟುಕೊಟ್ಟಿದ್ದೆ. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಇರುವ ಮನೆಯ ಕಂಪ್ಯೂಟರಿನಲ್ಲಿ ಇದ್ದದ್ದೂ ಡಿಸ್‌ಪ್ಲೇಪೋರ್ಟ್ ಒಂದೇ. ಹಾಗಾಗಿ ಅದನ್ನು ಮಾನಿಟರಿನ ಇನ್ನೊಂದು ಕಿಂಡಿಯಾದ ಎಚ್‌ಡಿಎಂಐಗೆ ತಿರುಗಿಸುವ ಅಡಾಪ್ಟರ್ ಬೇಕಾಯಿತು. ಪೆಟ್ಟಿಗೆಯ ಮೇಲೆ ದಪ್ಪಕ್ಷರಗಳಲ್ಲಿ ‘4ಕೆ’ (3840×2160 ಬಿಂದುಗಳ ಚಿತ್ರ) ಎಂದಿದ್ದ ಅಗ್ಗದ್ದೊಂದನ್ನು ಆರಿಸಿದೆ. ಬಹುಕಾಲ ಅದರಿಂದ ಯಾವ ತೊಂದರೆಯೂ ಇರಲಿಲ್ಲ.

ಕಾರ್ಯಾಚರಣ ವ್ಯವಸ್ಥೆಯನ್ನು ಹೊಸ ಆವೃತ್ತಿಗೆ ಏರಿಸಿದ ಮೇಲೆ ಪರದೆ 1920×1080 ಬಿಂದುಗಳಿಗೆ ಇಳಿಯಿತು. ಆಯ್ಕೆಗಳ ಪಟ್ಟಿಯಲ್ಲಿ ಮಾನಿಟರಿನ ಪೂರ್ಣ ಅಳತೆಯಾದ 2560×1440 ಇರಲೇ ಇಲ್ಲ. ಕಡಿಮೆ ಬಿಂದುಗಳ ಚಿತ್ರವನ್ನು ಮಾನಿಟರ್ ಹಿಗ್ಗಿಸಿ ತೋರಿಸುವಾಗ ಅಕ್ಷರದ ಅಂಚುಗಳು ಮಸುಕಾಗುತ್ತವೆ. ಮಹಾಪ್ರಾಣದ ಕೆಳಗಿನ ಸಣ್ಣ ಸೀಳು ಕರಗಿಹೋಗಿ ‘ಬ’ ಯಾವುದು, ‘ಭ’ ಯಾವುದು ಎಂದು ತಡಕಾಡಬೇಕಾಗುತ್ತದೆ. ಕರಡು ತಿದ್ದುವವರಿಗೆ ಇದು ಕೆಲಸವೇ ನಿಂತುಹೋದಂತೆ. ವ್ಯವಸ್ಥೆಯ ತಿರುಳಾದ ಕರ್ನೆಲ್‌ನ ಹಳೆಯ ಆವೃತ್ತಿಯಿಂದ ಶುರು ಮಾಡಿದರೆ ಎಲ್ಲವೂ ಮೊದಲಿನಂತೆಯೇ ಇತ್ತು. ಕೇಬಲ್ಲಿನದಾಗಲಿ ಮಾನಿಟರಿನದಾಗಲಿ ದೋಷವಲ್ಲ, ಡಿಸ್‌ಪ್ಲೇ ಡ್ರೈವರಿನಲ್ಲಿ, ಅಂದರೆ ಪರದೆಯನ್ನು ನಡೆಸುವ ತಂತ್ರಾಂಶದಲ್ಲಿ, ಏನೋ ಬದಲಾಗಿದೆ ಎಂಬುದು ಅಲ್ಲಿಗೆ ಖಚಿತವಾಯಿತು. ನಿನ್ನೆ ನಡೆಯುತ್ತಿದ್ದುದು ಇಂದಿನ ಆವೃತ್ತಿಯಲ್ಲಿ ನಿಲ್ಲಬಾರದು ಎಂಬುದು ಲಿನಕ್ಸ್ ಕರ್ನೆಲ್ ಕಟ್ಟುವವರೇ ಹಾಕಿಕೊಂಡ ನಿಯಮ. ಅದು ಮುರಿದದ್ದಕ್ಕೆ ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಇಲ್ಲಿ ಪಿಕ್ಸೆಲ್ ಕ್ಲಾಕ್ ಎಂದರೇನೆಂದು ಹೇಳಬೇಕು. ಪರದೆಗೆ ಒಂದು ಸೆಕೆಂಡಿನಲ್ಲಿ ಎಷ್ಟು ಬಿಂದುಗಳನ್ನು ಕಳಿಸಲಾಗುತ್ತದೆ ಎಂಬ ಲೆಕ್ಕವದು. ಕಣ್ಣಿಗೆ ಕಾಣುವ ಬಿಂದುಗಳ ಜೊತೆಗೆ, ಸಾಲಿನ ಕೊನೆಯಲ್ಲೂ ಚಿತ್ರದ ಕೊನೆಯಲ್ಲೂ ಬಿಡುವ ಖಾಲಿ ಅವಧಿಯೂ ಅದರಲ್ಲಿ ಸೇರುತ್ತದೆ. 1920×1080ಕ್ಕೆ ಒಟ್ಟು ಚೌಕಟ್ಟು 2200×1125. ಸೆಕೆಂಡಿಗೆ 60 ಚಿತ್ರಗಳೆಂದರೆ 148.5 ಮೆಗಾಹರ್ಟ್ಸ್, ಅಂದರೆ 14.85 ಕೋಟಿ ಬಿಂದುಗಳು. 2560×1440ಕ್ಕೆ, ಖಾಲಿ ಅವಧಿಯನ್ನು ಕಡಿತಗೊಳಿಸಿದರೂ, ಚೌಕಟ್ಟು 2720×1481 ಆಗಿ 241.5 ಮೆಗಾಹರ್ಟ್ಸ್ ಬೇಕಾಗುತ್ತದೆ. ಮಾನಿಟರ್ ತನ್ನ ಪರಿಚಯ ಹೇಳಿಕೊಳ್ಳುವ ಇಡಿಐಡಿ ಎಂಬ ದತ್ತಾಂಶದಲ್ಲಿ ಈ ಮೌಲ್ಯವನ್ನು 10 ಕಿಲೋಹರ್ಟ್ಸ್‌ಗಳ ಎಣಿಕೆಯಲ್ಲಿ ಬರೆದಿರುತ್ತಾರೆ. ತೆಗೆದು ನೋಡಿದರೆ 24150 ಎಂದು ಸರಿಯಾಗಿಯೇ ಇತ್ತು. ಮಾನಿಟರ್ ಕೇಳುತ್ತಿದೆ, ಡ್ರೈವರ್ ಕೊಡುತ್ತಿಲ್ಲ.

ಡ್ರೈವರ್ ದೋಷಪತ್ತೆಗೆಂದು ಬರೆದಿಡುವ ಡೀಬಗ್ ಸಂದೇಶಗಳನ್ನು ತೆರೆದಾಗ ಎರಡು ಸಾಲುಗಳು ಸಿಕ್ಕವು. 2560×1440 ಅನ್ನು ‘ಕ್ಲಾಕ್ ಹೈ’ (ಕ್ಲಾಕ್ ಹೆಚ್ಚಾಯಿತು) ಎಂಬ ಕಾರಣಕ್ಕೆ ಕೈಬಿಡಲಾಗಿದೆ ಎಂದು ಒಂದು. ಡ್ಯುಯಲ್ ಮೋಡ್ ಅಡಾಪ್ಟರ್ (ನಾನು ಸಿಕ್ಕಿಸಿದ್ದ ಬಗೆಯದು) ಪತ್ತೆಯಾಗಿದ್ದು ಅದರ ಗರಿಷ್ಠ ಕ್ಲಾಕ್ 165000 ಕಿಲೋಹರ್ಟ್ಸ್ ಎಂದು ಮತ್ತೊಂದು. ಈ ಮಿತಿ ಎಲ್ಲಿಂದ ಬಂತೆಂದು ತಿಳಿಯಲು ದೋಷ ತಂದ ಬದಲಾವಣೆಯನ್ನು ಹುಡುಕುವ ಗಿಟ್ ಬೈಸೆಕ್ಟ್ ಎಂಬ ಸಾಧನ ಬಳಸಿದೆ. ಎರಡು ಕರ್ನೆಲ್ ಬಿಡುಗಡೆಗಳ ನಡುವೆ ಹತ್ತು ಸಾವಿರಕ್ಕೂ ಹೆಚ್ಚು ಬದಲಾವಣೆಗಳಿರುವುದುಂಟು. ಪ್ರತಿ ಸಲವೂ ಅರ್ಧವನ್ನು ತಳ್ಳಿಹಾಕುತ್ತ ಹೋದರೆ ಹದಿನಾಲ್ಕು ಹಂತಗಳೊಳಗೆ ತಪ್ಪಿತಸ್ಥನ ಎದುರು ನಿಲ್ಲಬಹುದು, ಗ್ರಾಫಿಕ್ಸ್ ಕಡತಗಳಿಗಷ್ಟೇ ಹುಡುಕಾಟವನ್ನು ಸೀಮಿತಗೊಳಿಸಿದರೆ ಇನ್ನೂ ಬೇಗ. ನನ್ನ ಯಂತ್ರ ನಿಧಾನದ್ದು. ಕರ್ನೆಲ್ ಕಟ್ಟಲು ಬಿಟ್ಟು ಅಡುಗೆ ಮುಗಿಸಿ ಬರುವುದು, ಮತ್ತೆ ಶುರು ಮಾಡಿ ಪಟ್ಟಿ ನೋಡುವುದು, ಒಳ್ಳೆಯದೋ ಕೆಟ್ಟದ್ದೋ ಎಂದು ಗುರುತು ಹಾಕುವುದು: ಈ ದಿನಚರಿ ನನಗೆ ಅನಿರೀಕ್ಷಿತವಾಗಿ ಹಿಡಿಸಿತು. ಕರಡಿನಲ್ಲಿ ತಪ್ಪು ಹುಡುಕುವ ತಾಳ್ಮೆಯೇ ಇಲ್ಲೂ ಬೇಕಾದದ್ದು.

ಕೊನೆಗೆ ಸಿಕ್ಕ ಬದಲಾವಣೆಯನ್ನು ಓದಿದ ಮೇಲೆ ಡ್ರೈವರಿನ ಮೇಲಿದ್ದ ಸಿಟ್ಟು ಇಳಿಯಿತು. ಇಂಥ ಅಡಾಪ್ಟರುಗಳಲ್ಲಿ ಎರಡು ವರ್ಗಗಳಿವೆ. ಮೊದಲನೆಯ ವರ್ಗಕ್ಕೆ 165 ಮೆಗಾಹರ್ಟ್ಸ್ ಮಿತಿ. 2013ರಲ್ಲಿ, ಪರದೆಗಳಿಗೆ ಮಾನದಂಡ ರೂಪಿಸುವ ವೆಸಾ ಸಂಸ್ಥೆ ಹೊರತಂದ ಪರಿಷ್ಕೃತ ಮಾನದಂಡ ಎರಡನೆಯ ವರ್ಗವನ್ನು ಸೇರಿಸಿ ಮಿತಿಯನ್ನು 300ಕ್ಕೆ ಏರಿಸಿತು. ಈ ವರ್ಗದ ಅಡಾಪ್ಟರ್ ತನ್ನ ಸಾಮರ್ಥ್ಯವನ್ನು ರಿಜಿಸ್ಟರ್ ಎಂಬ ಪುಟ್ಟ ಸ್ಮೃತಿಕೋಶದಲ್ಲಿ 2.5 ಮೆಗಾಹರ್ಟ್ಸ್‌ಗಳ ಎಣಿಕೆಯಲ್ಲಿ ಬರೆದಿಟ್ಟುಕೊಂಡಿರುತ್ತದೆ. ಹಳೆಯ ಡ್ರೈವರ್ ಇದನ್ನು ವಿಚಾರಿಸದೆ 241.5 ಕಳಿಸುತ್ತಿತ್ತು. ಹೊಸದು ವಿಚಾರಿಸಿತು, ಅಡಾಪ್ಟರ್ ತಾನು ಮೊದಲನೆಯ ವರ್ಗದ್ದೆಂದು ಉತ್ತರಿಸಿತು. ಮಿತಿ ಮೀರಿದರೆ ಕೆಲವರಿಗೆ ಪರದೆ ಕಪ್ಪಾಗುವ ಅಪಾಯವಿರುವಾಗ, ಡ್ರೈವರ್ ಬರೆದವರು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

ಹಾಗಾದರೆ ಪೆಟ್ಟಿಗೆಯ ಮೇಲಿನ ‘4ಕೆ’ ಎಲ್ಲಿಂದ ಬಂತು? 4ಕೆ ಚಿತ್ರವನ್ನು ಸೆಕೆಂಡಿಗೆ 30ರಂತೆ ಕಳಿಸಲೂ 297 ಮೆಗಾಹರ್ಟ್ಸ್ ಬೇಕು. ಅಷ್ಟನ್ನು ದಾಟಿಸುತ್ತೇನೆಂದು ಗ್ರಾಹಕನಿಗೆ ಹೇಳುವ ವಸ್ತು ಕಂಪ್ಯೂಟರಿಗೆ ಮಾತ್ರ 165 ಎಂದು ಹೇಳುವುದನ್ನು ನಾನು ಕ್ಷಮಿಸಲಾರೆ. ಸರಿಯಾದ ಗುರುತನ್ನು ಬರೆದಿಡದೆ ಉಳಿಸಿದ ಕೆಲವೇ ರೂಪಾಯಿಗಳ ಹೊರೆಯನ್ನು ತಯಾರಕರು ಕೊಂಡವರ ತಲೆಗೆ ಕಟ್ಟಿದ್ದಾರೆ.

ಹೊಸ ಅಡಾಪ್ಟರ್ ಬರುವವರೆಗೆ ಒಂದು ಉಪಾಯ ಮಾಡಿದೆ. ಅದೇ 2720×1481 ಚೌಕಟ್ಟನ್ನು ಸೆಕೆಂಡಿಗೆ 40 ಸಲ ಕಳಿಸಿದರೆ ಸುಮಾರು 161 ಮೆಗಾಹರ್ಟ್ಸ್ ಆಗುತ್ತದೆ, ಅಂದರೆ ಮಿತಿಯೊಳಗೇ. ಎಕ್ಸ್‌ರ‍್ಯಾಂಡ್ಆರ್ ಎಂಬ, ಪರದೆಯ ಅಳತೆ ಬದಲಿಸುವ ಆಜ್ಞೆಯ ಮೂಲಕ ಆ ಮೋಡನ್ನು ಸೇರಿಸಿದಾಗ ನನ್ನ ಮಾನಿಟರ್ ತಕರಾರಿಲ್ಲದೆ ಒಪ್ಪಿಕೊಂಡಿತು. ಮೌಸ್ ಬಾಣ ತುಸು ತಡೆತಡೆದು ಚಲಿಸುತ್ತಿತ್ತು, ಆದರೆ ‘ಧ’ದ ಸೀಳು ಮರಳಿ ಬಂದಿತ್ತು. ನಿಂತ ಪುಟವನ್ನು ಓದುವವರಿಗೆ 40ಕ್ಕೂ 60ಕ್ಕೂ ಇರುವ ವ್ಯತ್ಯಾಸ ಗಮನಕ್ಕೇ ಬಾರದು. ಎಲ್ಲ ಮಾನಿಟರುಗಳೂ ಇಷ್ಟು ಕಡಿಮೆ ದರವನ್ನು ಒಪ್ಪುವುದಿಲ್ಲ. ಇದು ಒಪ್ಪಿದ್ದರಿಂದ ಇದರ ಮೇಲೆ ನನಗಿದ್ದ ಪ್ರೀತಿ ಹೆಚ್ಚಿತು.

ಈಗಿರುವುದು ಎರಡನೆಯ ವರ್ಗದ ಅಡಾಪ್ಟರ್. ಬೆಲೆ ಮೊದಲಿನದಕ್ಕಿಂತ ಕೊಂಚ ಹೆಚ್ಚು. ಸಂದೇಶಗಳಲ್ಲಿ ಗರಿಷ್ಠ ಕ್ಲಾಕ್ 300000 ಎಂದು ಬರುತ್ತದೆ, 2560×1440 ತಾನಾಗಿಯೇ ಆಯ್ಕೆಯಾಗುತ್ತದೆ. ಮಾನಿಟರಿಗೆ ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಅರ್ಧ ಅಂಕ ಕಳೆದದ್ದು, ನಿದ್ರಾಸ್ಥಿತಿಯಿಂದ ಏಳುವಾಗ ಅದು ಎಚ್‌ಡಿಎಂಐ ಸಂಕೇತವನ್ನು ಹಿಡಿಯಲು ತೆಗೆದುಕೊಳ್ಳುವ ಸಮಯಕ್ಕಾಗಿ. ಹಳೆಯ ಅಡಾಪ್ಟರಿಗೆ ಒಂದೇ ಅಂಕ. ಅದನ್ನು 1080 ಸಾಲುಗಳ ಟಿವಿಗೆ ಸಿಕ್ಕಿಸಿದ್ದೇನೆ. ಅಲ್ಲಿಗೆ ಬೇಕಿರುವ 148.5 ಮೆಗಾಹರ್ಟ್ಸ್ ಅದು ಒಪ್ಪಿಕೊಂಡ ಮಿತಿಯೊಳಗೇ ಇದೆ.