28 ಗೇಜ್, .410: ಮತ್ತೆ ತುಂಬಲು ಯಾವ ಖಾಲಿ ತೋಟಾ ಒಳ್ಳೆಯದು?

ಅಮೆರಿಕದಲ್ಲಿ ಸ್ಕೀಟ್ (ಹಾರಿಬಿಟ್ಟ ಮಣ್ಣಿನ ಬಿಲ್ಲೆಗೆ ಗುರಿಯಿಟ್ಟು ಹೊಡೆಯುವ ಆಟ) ಹೊಡೆಯುವ ನಮ್ಮವರು 12 ಗೇಜ್ ಬಿಟ್ಟು 28ಕ್ಕೋ .410ಕ್ಕೋ ಇಳಿದ ಕೂಡಲೇ ಅಂಗಡಿಯ ಬೆಲೆ ನೋಡಿ ದಂಗಾಗುತ್ತಾರೆ. ಗೇಜ್ ಅಂದರೆ ನಳಿಗೆಯ ಅಗಲದ ಅಳತೆ, ನಂಬರು ದೊಡ್ಡದಾದಷ್ಟೂ ನಳಿಗೆ ಸಣ್ಣದು. .410 ಮಾತ್ರ ಇಂಚಿನ ಲೆಕ್ಕ, ಅದು 28ಕ್ಕಿಂತಲೂ ಸಣ್ಣದು. ಒಳಗಿನ ಸೀಸ ಕಡಿಮೆ, ಡಬ್ಬಿಯ ಬೆಲೆ ಮಾತ್ರ ಜಾಸ್ತಿ. ಮನೆಯಲ್ಲೇ ತುಂಬೋಣ ಅನ್ನಿಸುವುದು ಆಗಲೇ. ಲೆಕ್ಕ ಸುಲಭ. 25 ಪೌಂಡಿನ ಚರೆ ಚೀಲ ಅಂದರೆ 400 ಔನ್ಸ್. 28 ಗೇಜಿಗೆ ಮುಕ್ಕಾಲು ಔನ್ಸಿನಂತೆ ಹಾಕಿದರೆ 533 ತೋಟಾ, .410ಕ್ಕೆ ಅರ್ಧ ಔನ್ಸಿನಂತೆ 800. ಚರೆ, ಮದ್ದು, ಕೇಪು (ತಳದಲ್ಲಿ ಕೂತು ಮದ್ದಿಗೆ ಕಿಡಿ ಹಚ್ಚುವುದು) ಅಂಗಡಿಯಲ್ಲಿ ಸಿಗುತ್ತವೆ. ತಲೆಕೆಡಿಸಿಕೊಳ್ಳಬೇಕಾದದ್ದು ಹೊಡೆದ ಮೇಲೆ ಉಳಿಯುವ ಖಾಲಿ ತೋಟಾದ ಬಗ್ಗೆ.

ಮೊದಲೇ ಒಂದು ಮಾತು. ಇದು ಅಮೆರಿಕದ ವಿಷಯ. ಭಾರತದಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಸಲು ಲೈಸೆನ್ಸ್ ಬೇಕು. ಕೊಡಗಿನ ಮನೆಯಲ್ಲಿ ಕೋವಿ ಇದೆ ಅಂತ ಯಾರೂ ಇದನ್ನು ಅಲ್ಲಿ ಮಾಡಲು ಹೋಗಬೇಡಿ.

ಸಣ್ಣ ಗೇಜಿನಲ್ಲಿ ಇಷ್ಟು ಎಚ್ಚರ ಯಾಕೆ? ಕೋವಿ ಸಣ್ಣದಾದರೆ ಒತ್ತಡವೂ ಸಣ್ಣದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಿಜ ಇರುವುದು ಉಲ್ಟಾ. ಅಮೆರಿಕದ ಕೋವಿ, ಮದ್ದುಗುಂಡು ತಯಾರಕರ ಒಕ್ಕೂಟ ಸಾಮಿ (SAAMI) 12 ಗೇಜಿಗೆ ಇಟ್ಟಿರುವ ಮಿತಿ ಚದರ ಇಂಚಿಗೆ 11,500 ಪೌಂಡ್. 28ಕ್ಕೆ ಮತ್ತು ಎರಡೂವರೆ ಇಂಚು ಉದ್ದದ .410 ತೋಟಾಕ್ಕೆ 12,500. ಜಾಗ ಚಿಕ್ಕದು, ಒತ್ತಡ ದೊಡ್ಡದು. ಮದ್ದಿನಲ್ಲಿ ಚೂರು ಹೆಚ್ಚು ಕಡಿಮೆಯಾದರೂ, ತಪ್ಪು ವ್ಯಾಡ್ (ಮದ್ದಿಗೂ ಚರೆಗೂ ನಡುವೆ ಕೂರುವ ಪ್ಲಾಸ್ಟಿಕ್ ತುಂಡು) ಕೂತರೂ ಇಲ್ಲಿ ಕೂಡಲೇ ಗೊತ್ತಾಗುತ್ತದೆ.

ನಾನು ಪಕ್ಕಪಕ್ಕದಲ್ಲಿಟ್ಟು ತುಂಬಿ ನೋಡಿದ್ದು ಮುಖ್ಯವಾಗಿ ಮೂರು ಬಗೆ. ರೆಮಿಂಗ್ಟನ್ ಎಸ್‌ಟಿಎಸ್, ವಿಂಚೆಸ್ಟರ್ ಎಎ ಎಚ್‌ಎಸ್, ಆಮೇಲೆ ಯುರೋಪಿನ ಚೆಡ್ಡೈಟ್ ಮತ್ತು ಫಿಯೋಕ್ಕಿ. ಈ ಕೊನೆಯ ಎರಡನ್ನು ಒಂದೇ ಗುಂಪಿಗೆ ಸೇರಿಸಿದ್ದೇನೆ.

28 ಗೇಜಿಗೆ ನನ್ನ ಆಯ್ಕೆ ಎಸ್‌ಟಿಎಸ್. ಹಸಿರು ಬಣ್ಣದ ಈ ತೋಟಾದ ಗೋಡೆ, ತಳ ಎರಡೂ ಒಂದೇ ಪ್ಲಾಸ್ಟಿಕ್ಕಿನಲ್ಲಿ ಒತ್ತಿ ಮಾಡಿದ್ದು. ತಳದಲ್ಲಿ ಬೇರೆ ಬಿಲ್ಲೆ ಇಲ್ಲ, ಹಾಗಾಗಿ ಅದು ಸಡಿಲವಾಗುವ ಚಿಂತೆಯೂ ಇಲ್ಲ. ಟಾರ್ಚ್ ಹಿಡಿದು ಒಳಗೆ ಇಣುಕಿದರೆ ಗೋಡೆ ಕೆಳಗೆ ಹೋಗುತ್ತಾ ದಪ್ಪವಾಗಿ ಬಟ್ಟಲಿನಂತೆ ಕೂಡಿಕೊಂಡಿರುವುದು ಕಾಣುತ್ತದೆ. ಮದ್ದು ಆ ಬಟ್ಟಲಿನಲ್ಲಿ ಚೆನ್ನಾಗಿ ಕೂರುತ್ತದೆ. ಮೇಲೆ ವ್ಯಾಡ್ ಒತ್ತಿದಾಗ ಕೈಗೆ ಪ್ರತಿ ಸಲವೂ ಒಂದೇ ಬಿಗಿ ಸಿಗುತ್ತದೆ. ತೋಟಾ ತುಂಬುವ ಪ್ರೆಸ್ಸಿನ ಸೆಟ್ಟಿಂಗ್ ಒಮ್ಮೆ ಸರಿಮಾಡಿದರೆ ಮತ್ತೆ ಮತ್ತೆ ತಿರುವುತ್ತಾ ಕೂರಬೇಕಿಲ್ಲ. ಹೊಸದಾಗಿ ಕಲಿಯುವವರು ಇದರಿಂದಲೇ ಶುರು ಮಾಡಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಎಎ ಎಚ್‌ಎಸ್ ಎರಡು ತುಂಡಿನದು. ಗೋಡೆ ಒಂದು, ತಳದ ಬಿಲ್ಲೆ ಇನ್ನೊಂದು. ಹಳೆಯ ಎಎ ಒಂದೇ ತುಂಡಿನದಾಗಿತ್ತು. ಹೆಸರು ಒಂದೇ ಇದ್ದರೂ ಒಳಗಿನ ಆಕಾರ ಬೇರೆ. ಆದ್ದರಿಂದ ಲೋಡ್ ಪುಸ್ತಕದಲ್ಲಿ (ಯಾವ ತೋಟಾಕ್ಕೆ ಯಾವ ಮದ್ದು ಎಷ್ಟು ಅಂತ ಹೇಳುವ ಪುಸ್ತಕ) ಎಚ್‌ಎಸ್‌ಗೆ ಅಂತಲೇ ಕೊಟ್ಟಿರುವ ಅಳತೆಯನ್ನೇ ನೋಡಬೇಕು. ಇದನ್ನು ಆರಿಸಿದರೆ ಪ್ರತಿ ಸಲ ತುಂಬುವ ಮೊದಲು ತಳದ ಬಿಲ್ಲೆ ಅಲುಗುತ್ತದೆಯಾ, ಮೇಲಕ್ಕೆ ಎದ್ದಿದೆಯಾ ಅಂತ ನೋಡುವ ಅಭ್ಯಾಸ ಇರಬೇಕು. ಎದ್ದಿದ್ದರೆ ಒಳಗಿನ ಜಾಗವೇ ಬದಲಾಗುತ್ತದೆ. ಅಂಥದ್ದನ್ನು ಸೀದಾ ಎಸೆಯಬೇಕು. ಅಷ್ಟು ನಿಗಾ ಇದ್ದರೆ ಇದೂ ಬಹಳ ಒಳ್ಳೆಯ ತೋಟಾ. ಬಾಯಿಯ ಮಡಿಕೆ ಹಳೆಯ ಗೆರೆಯಲ್ಲೇ ಮಡಚಿ ಅಚ್ಚುಕಟ್ಟಾಗಿ ಮುಚ್ಚಿಕೊಳ್ಳುತ್ತದೆ.

.410ಕ್ಕೆ ಬಂದರೆ ನನ್ನ ಮನಸ್ಸು ಎಎ ಎಚ್‌ಎಸ್ ಕಡೆಗೇ ವಾಲುತ್ತದೆ. ಕಾರಣ ಅದೇ ಬಾಯಿಯ ಮಡಿಕೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

.410ಕ್ಕೆ ಹಾಕುವುದು ನಿಧಾನಕ್ಕೆ ಉರಿಯುವ ಮದ್ದು. ಹಾಜ್ಡನ್ ಎಚ್110 ಮತ್ತು ವಿಂಚೆಸ್ಟರ್ 296 ಇಲ್ಲಿ ಬಹಳ ಬಳಕೆಯಲ್ಲಿವೆ. ಡಬ್ಬಿ ಎರಡು, ಮದ್ದು ಒಂದೇ. ಈ ಜಾತಿಯ ಮದ್ದು ಪೂರ್ತಿ ಹೊತ್ತಿಕೊಳ್ಳಬೇಕಾದರೆ ಮೊದಲ ಕ್ಷಣದಲ್ಲಿ ಎದುರಿಗೆ ಬಲವಾದ ತಡೆ ಇರಬೇಕು. ಆ ತಡೆ ಕೊಡುವುದು ಬಾಯಿಯ ಮಡಿಕೆ. ಅದು ಸಡಿಲವಾದರೆ ಢಂ ಅನ್ನುವ ಬದಲು ಪುಸ್ ಅನ್ನುತ್ತದೆ. ಚಳಿಗಾಲದಲ್ಲಿ ಇನ್ನೂ ಜಾಸ್ತಿ. ಅಂಥ ಸದ್ದು ಕೇಳಿದರೆ ಮುಂದಿನ ಹಕ್ಕಿಯನ್ನು (ಮಣ್ಣಿನ ಬಿಲ್ಲೆಗೆ ನಾವು ಹೇಳುವ ಹೆಸರು) ಕರೆಯಲೇಬಾರದು. ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಸ್ವಲ್ಪ ಕಾಯಬೇಕು. ಆಮೇಲೆ ಕೋವಿ ತೆರೆದು, ತೋಟಾ ತೆಗೆದು, ನಳಿಗೆಯ ಈ ತುದಿಯಿಂದ ಆ ತುದಿಗೆ ಬೆಳಕು ಕಾಣುತ್ತದಾ ನೋಡಬೇಕು. ವ್ಯಾಡ್ ಒಳಗೇ ಸಿಕ್ಕಿಕೊಂಡಿದ್ದಾಗ ಇನ್ನೊಂದು ಹೊಡೆದರೆ ನಳಿಗೆ ಒಡೆಯಬಹುದು. ಹಾಗಂತ ಮದ್ದು ಹೆಚ್ಚಿಸಿ ಸರಿಪಡಿಸಲು ಹೋಗುವುದೂ ತಪ್ಪು, ಉಳಿಸಲು ಕಡಿಮೆ ಹಾಕುವುದೂ ತಪ್ಪು. ಪುಸ್ತಕದಲ್ಲಿ ಇದ್ದಷ್ಟೇ.

ಮಡಿಕೆ ಸರಿಯಿದೆಯಾ ಅಂತ ನೋಡುವುದಕ್ಕೆ ತೋಟಾದ ಬಾಯನ್ನು ಕಣ್ಣಿನ ಹತ್ತಿರ ಹಿಡಿಯಿರಿ. ಆರು ಮಡಿಕೆಗಳೂ ನಡುವೆ ಒಂದು ಬಿಂದುವಿನಲ್ಲಿ ಕೂಡಬೇಕು. ನಡುವೆ ತೂತು ಉಳಿದರೆ 9ನೇ ನಂಬರಿನ ಸಣ್ಣ ಚರೆ ಒಂದೊಂದೇ ಉದುರುತ್ತದೆ. ಅರ್ಧ ಔನ್ಸಿನಲ್ಲಿ ಇರುವುದೇ ಸುಮಾರು 290 ಚರೆ, ಅದರಲ್ಲೂ ಸೋರಿದರೆ ಹೇಗೆ? ನಡುಭಾಗ ಸುಳಿಯಂತೆ ತಿರುಚಿಕೊಂಡು ಒಳಗೆ ಕುಸಿದಿದ್ದರೆ ಮದ್ದು, ವ್ಯಾಡ್, ಚರೆ ಸೇರಿದ ಎತ್ತರ ಕಡಿಮೆಯಾಗಿದೆ ಅಂತ ಅರ್ಥ. ಉಬ್ಬಿದ್ದರೆ ಎತ್ತರ ಜಾಸ್ತಿ. ನನ್ನ ಕೈಯಲ್ಲಿ .410ರ ಎಎ ಬಾಯಿ ಈ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಪಾಸಾಯಿತು.

ಚೆಡ್ಡೈಟ್, ಫಿಯೋಕ್ಕಿ ತೋಟಾಗಳು ನೇರ ಗೋಡೆಯವು. ಒಳಗೆ ಜಾಗ ಜಾಸ್ತಿ. ಹೊಸದಾಗಿ, ಕೇಪು ಹಾಕಿಯೇ ಮಾರಾಟಕ್ಕೂ ಸಿಗುತ್ತವೆ. ಮೈದಾನದಲ್ಲಿ ಹೆಕ್ಕುವ ಕೆಲಸ ಬೇಡ ಅನ್ನುವವರಿಗೆ ಅನುಕೂಲ. ಆದರೆ ವ್ಯಾಡ್ ಇದಕ್ಕೆಂದೇ ಮಾಡಿದ್ದು ಬೇಕು. ಬಟ್ಟಲಿನ ಆಕಾರದ ತೋಟಾಕ್ಕೆ ಮಾಡಿದ ವ್ಯಾಡ್ ಹಾಕಿದರೆ ಅಂಚಿನಿಂದ ಗ್ಯಾಸ್ ತಪ್ಪಿಸಿಕೊಳ್ಳುತ್ತದೆ, ನಳಿಗೆಯಲ್ಲಿ ಉರಿಯದ ಮದ್ದಿನ ಕಾಳು ಉಳಿಯುತ್ತದೆ. ಇನ್ನೊಂದು ವಿಷಯ, ಚೆಡ್ಡೈಟ್ ಕೇಪು ಅಮೆರಿಕದ ಮಾಮೂಲಿ 209 ಅಳತೆಯ ಕೇಪಿಗಿಂತ ಕೂದಲೆಳೆಯಷ್ಟು ದಪ್ಪ. ಅದು ಕೂತ ಗುಂಡಿ ಅಗಲವಾಗುತ್ತದೆ. ಆಮೇಲೆ ಅಮೆರಿಕದ ಕೇಪು ಅಲ್ಲಿ ಬಿಗಿಯಾಗಿ ನಿಲ್ಲದಿರಬಹುದು. ಇವುಗಳಿಗೆ ಕೊನೆಯವರೆಗೂ ಅದೇ ಜಾತಿಯ ಕೇಪು ಹಾಕುವುದು ಸರಿ. ಒಂದು ಕೇಪಿನ ಬದಲು ಇನ್ನೊಂದು ಹಾಕಿದರೆ ಒತ್ತಡವೂ ಬದಲಾಗುತ್ತದೆ, ಮರೆಯಬೇಡಿ.

ಪೂರ್ತಿ ಹಿತ್ತಾಳೆಯ ತೋಟಾಗಳೂ ಇವೆ. ಬ್ರೆಜಿಲಿನ ಮ್ಯಾಗ್‌ಟೆಕ್ ಮಾಡುತ್ತದೆ. ನೋಡಲು ಬಲು ಚೆಂದ. ಇದಕ್ಕೆ ಪಿಸ್ತೂಲಿನ ದೊಡ್ಡ ಕೇಪು ಬೇಕು, ಬಾಯಿ ಮಡಚುವ ಬದಲು ಮೇಲೆ ರಟ್ಟಿನ ಬಿಲ್ಲೆ ಇಟ್ಟು ಅಂಟು ಹಾಕಬೇಕು. ಕರಿಮದ್ದಿನ ಪ್ರೀತಿ ಇರುವವರಿಗೆ ಸರಿ. ಒಂದು ಸುತ್ತಿಗೆ 25 ಹಕ್ಕಿ ಹೊಡೆಯುವ ಆಟಕ್ಕೆ ಅಷ್ಟು ತಾಳ್ಮೆ ನನಗಂತೂ ಇಲ್ಲ.

ಯಾವುದನ್ನು ಆರಿಸಿದರೂ ಒಂದು ಗೇಜಿಗೆ ಒಂದೇ ಜಾತಿಯ ತೋಟಾ ಇಟ್ಟುಕೊಳ್ಳಿ. ಎರಡು ಜಾತಿ ಬೆರೆತರೆ ವ್ಯಾಡ್ ತಪ್ಪುತ್ತದೆ, ಮಡಿಕೆ ಕೆಡುತ್ತದೆ, ಪುಸ್ತಕದ ಅಳತೆಗೂ ಅರ್ಥ ಇರುವುದಿಲ್ಲ. ನಿಮ್ಮ ಕ್ಲಬ್ಬಿನಲ್ಲಿ ಜಾಸ್ತಿ ಜನ ಎಎ ಹೊಡೆಯುತ್ತಿದ್ದರೆ 28ಕ್ಕೂ ಅದನ್ನೇ ಹಿಡಿಯಿರಿ, ಸಿಗದ ಎಸ್‌ಟಿಎಸ್‌ಗೆ ಅಲೆಯಬೇಡಿ. ಪ್ರೆಸ್ಸಿನ ಬುಶಿಂಗ್ (ಮದ್ದನ್ನು ಅಳೆದು ಬೀಳಿಸುವ ತೂತಿನ ತುಂಡು) ಚಾರ್ಟನ್ನು ಸುಮ್ನೆ ನಂಬದೆ, ಬಿದ್ದ ಮದ್ದನ್ನು ತಕ್ಕಡಿಯಲ್ಲಿ ತೂಗಿ ನೋಡಿ. ಬಾಯಿ ಸೀಳಿದ, ಮಡಿಕೆಯ ಬುಡದಲ್ಲಿ ಸೂಜಿ ತೂತು ಬಿದ್ದ, ಕೇಪು ಬೆರಳಿಂದಲೇ ಒಳಗೆ ಹೋಗುವ ತೋಟಾಗಳನ್ನು ಎಸೆಯುವ ಮೊದಲು ಬಾಯಿ ಕತ್ತರಿಸಿಬಿಡಿ. ಇಲ್ಲದಿದ್ದರೆ ಕಸದ ಡಬ್ಬಿಯಿಂದ ಇನ್ಯಾರೋ ಹೆಕ್ಕಿ ತುಂಬುತ್ತಾರೆ.