ಮಗುವನ್ನು ಡೇಕೇರ್‌ಗೆ ಹಾಕೋ ಮುಂಚೆ ಮಧ್ಯಾಹ್ನ ಎರಡು ಗಂಟೆಗೆ ಹೋಗಿ ನೋಡಿ

ಶಿವಮೊಗ್ಗದಲ್ಲಿ ಡೇಕೇರ್ ಹುಡುಕ್ತಿದ್ದೀರಾ? ಬೆಳಿಗ್ಗೆ ಹತ್ತಕ್ಕೆ ಮಾತ್ರ ಹೋಗಬೇಡಿ. ಹತ್ತು ಗಂಟೆಗೆ ಎಲ್ಲವೂ ಚೆಂದ. ಗೋಡೆ ತುಂಬಾ ಆನೆ, ನವಿಲು, ಏಪ್ರನ್ ಹಾಕಿದ ಟೀಚರ್‌ಗಳು, "ನಮ್ಮಲ್ಲಿ ಐದು ಮಕ್ಕಳಿಗೆ ಒಬ್ಬರು ಮೇಡಂ" ಅನ್ನೋ ಮಾತು.

ನಾವು ಮಗುವನ್ನು ಹಾಕಿದ್ದ ಡೇಕೇರಲ್ಲಿ ಆ ಲೆಕ್ಕ ಸುಳ್ಳಲ್ಲ. ಹನ್ನೆರಡೂವರೆವರೆಗೆ ನಿಜ. ಆಮೇಲೆ ಪ್ಲೇಹೋಮ್ ಬಿಡುತ್ತೆ, ಟೀಚರ್‌ಗಳು ಮನೆಗೆ ಹೋಗ್ತಾರೆ. ಅಲ್ಲಿಂದ ಸಂಜೆ ಆರರವರೆಗೆ ಒಬ್ಬರೇ ಆಯಾ. ಊಟ ಮಾಡಿಸೋದು, ಪಾತ್ರೆ ತೊಳೆಯೋದು, ಮಲಗಿಸೋದು, ಗೇಟ್ ತೆಗೆಯೋದು ಎಲ್ಲ ಅವರೇ. ಒಂದೂವರೆ ವರ್ಷದ ಕೂಸಿನಿಂದ ನಾಲ್ಕು ವರ್ಷದವರ ತನಕ ಎಲ್ಲ ಒಂದೇ ರೂಮಲ್ಲಿ. ಶಿಶುಪಾಲನಾ ಕೇಂದ್ರಗಳಿಗೆ ಅಂತ ಕೇಂದ್ರ ಸರ್ಕಾರ ಕೊಟ್ಟ 2018ರ ಮಾರ್ಗಸೂಚಿಯಲ್ಲಿ ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಜೊತೆಗೆ ಸಹಾಯಕಿ ಅಂತಿದೆ. ಇದನ್ನು ಹೇಳಿದ್ದಕ್ಕೆ ಓನರ್ ಕೊಟ್ಟ ಉತ್ತರ: "ಮಲಗಿರೋ ಮಕ್ಕಳನ್ನ ನೋಡ್ಕೊಳ್ಳೋಕೆ ಎಷ್ಟು ಜನ ಬೇಕು ಮೇಡಂ?"

ಎಷ್ಟು ಜನ ಬೇಕಂತೆ!

ಬಯಲಾಗಿದ್ದು ಡೈಪರಿನಿಂದ. ಬೆಳಿಗ್ಗೆ ಬ್ಯಾಗಿಗೆ ಮೂರು ಹಾಕಿ ಕಳಿಸಿದರೆ ಸಂಜೆ ಮೂರೂ ಹಾಗೇ ವಾಪಸ್. ಮಗುವಿನ ಮೈಮೇಲಿರೋದು ಬೆಳಿಗ್ಗೆ ಹಾಕಿದ್ದೇ, ಭಾರಕ್ಕೆ ಜೋತುಬಿದ್ದು, ತೊಡೆಸಂದು ಕೆಂಪಗೆ ಬೆಂದು. ಮೂರು ನಾಲ್ಕು ಗಂಟೆಗೊಮ್ಮೆ ಬದಲಾಯಿಸದಿದ್ದರೆ, ಅದೂ ಮಳೆಗಾಲದ ಥಂಡಿಯಲ್ಲಿ, ಇನ್ನೇನಾಗುತ್ತೆ? "ಇವತ್ತು ಮಗು ಟಾಯ್ಲೆಟ್ಟೇ ಮಾಡಿಲ್ಲ" ಅಂದರು. ಬಿಲ್ಲಿನಲ್ಲಿ ಮಾತ್ರ ಹೈಜೀನ್ ಚಾರ್ಜ್ ಅಂತ ಬೇರೆ ಹಾಕಿದಾರೆ. ಯಾವುದರ ಹೈಜೀನ್ ಮಾರಾಯ್ರೆ?

ಸಿಸಿಟಿವಿ ಇದೆ ಅಂತ ಬೋರ್ಡಲ್ಲೇ ಬರೆದಿರುತ್ತೆ. ಕ್ಯಾಮೆರಾ ಗೇಟಿಗೆ ಒಂದು, ಹಾಲಿಗೆ ಒಂದು. ಮಕ್ಕಳು ಮಧ್ಯಾಹ್ನ ಪೂರ್ತಿ ಇರೋ ರೂಮಿಗಿಲ್ಲ. ಕೇಳಿದರೆ "ಬೇರೆ ಮಕ್ಕಳ ಪ್ರೈವಸಿ".

ಔಷಧಿ ವಿಷಯ ಇನ್ನೂ ಭಯ. ಶೆಲ್ಫಿನಲ್ಲಿ ಯಾವ ಮಗುವಿನ ಹೆಸರೂ ಇಲ್ಲದ ಶೀತದ ಸಿರಪ್ ಬಾಟಲಿ ಇತ್ತು. ಶೀತಕ್ಕೆ ಕೊಡೋ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಅನ್ನೋ ಔಷಧಿಗಳು ಸೇರಿದ ಸಿರಪ್ಪನ್ನು 4 ವರ್ಷದೊಳಗಿನವರಿಗೆ ಕೊಡಬಾರದು ಅಂತ ಲೇಬಲ್ ಮೇಲೆ ಹಾಕೋಕೆ 2023ರಲ್ಲೇ ಆದೇಶ ಆಗಿದೆ. ಅದು ನಿದ್ದೆಯನ್ನೂ ಬರಿಸುತ್ತೆ. ಜ್ವರದ ಪ್ಯಾರಾಸಿಟಮಾಲ್‌ನಲ್ಲಿ ಭಯ ಅಳತೆಯದು. ಡ್ರಾಪ್ಸ್‌ನಲ್ಲಿ 1 ಎಂಎಲ್‌ಗೆ 100 ಮಿಲಿಗ್ರಾಂ, ಸಿರಪ್‌ನಲ್ಲಿ 5 ಎಂಎಲ್‌ಗೆ 120 ಅಥವಾ 250. ಬಾಟಲಿ ನೋಡದೆ "ಒಂದು ಚಮಚ" ಹಾಕಿದರೆ ಡೋಸು ಎಲ್ಲಿಗೋ ಹೋಗುತ್ತೆ. ಬಾಟಲಿ, ಸಿರಿಂಜು, ಎಷ್ಟು ಎಂಎಲ್, ಎಷ್ಟು ಹೊತ್ತಿಗೆ ಅಂತ ಬರೆದು ನೀವೇ ಕಳಿಸಿ. ಬೇರೆ ಯಾವುದೂ ಬೇಡ ಅಂತ ಸಹಿ ಹಾಕಿಸಿಕೊಳ್ಳಿ.

ಮತ್ತೆ ಮಳೆ. ಜುಲೈನಲ್ಲಿ ಡಿಸಿ ಶಾಲೆಗಳಿಗೆ ರಜೆ ಕೊಟ್ಟರೆ ಡೇಕೇರಿಗೂ ರಜೆ. ನಿಮ್ಮ ಆಫೀಸಿಗಿಲ್ಲ. ರಾತ್ರಿ ವಾಟ್ಸಾಪಲ್ಲಿ "ಟುಮಾರೊ ಹಾಲಿಡೇ" ಅಂತ ಬರುತ್ತೆ, ಮುಗೀತು. ಫೀಸಿನಲ್ಲಿ ಕಡಿತ ಇಲ್ಲ.

ಹಾಗಾದ್ರೆ ಮನೆಗೇ ಆಯಾ ಇಟ್ಟುಕೊಳ್ಳೋದು ವಾಸಿ ಅಂತೀರಾ? ಏಜೆನ್ಸಿಯವರು ಒಂದು ತಿಂಗಳ ಸಂಬಳವನ್ನು ಮೊದಲೇ ಕಮಿಷನ್ ಅಂತ ತಗೊಂಡು, "ಬಿಟ್ಟು ಹೋದ್ರೆ ಬೇರೆಯವರನ್ನ ಕಳಿಸ್ತೀವಿ" ಅಂತಾರೆ. ಎಷ್ಟು ದಿನದೊಳಗೆ ಅಂತ ಕಾಗದದಲ್ಲಿ ಇರೋದೇ ಇಲ್ಲ. ಅಡಿಕೆ ಸುಲಿಯೋ ಕಾಲಕ್ಕೆ ಊರಿಗೆ ಹೋದವರು ಬರಲ್ಲ. ಅವರ ತಪ್ಪೂ ಅಲ್ಲ, ಕೆಜಿ ಲೆಕ್ಕದಲ್ಲಿ ಕೈಗೆ ದುಡ್ಡು ಬರೋ ಸಮಯ ಅದು. ಆದರೆ ಏಜೆನ್ಸಿಗೆ ಇದು ಪ್ರತಿ ವರ್ಷ ಗೊತ್ತಿರೋದೇ ತಾನೇ? "ಸೀಸನ್ ಅಲ್ವಾ ಸರ್, ಜನ ಸಿಗಲ್ಲ." ಪೊಲೀಸ್ ವೆರಿಫಿಕೇಶನ್ ಆಗಿದೆ ಅಂದಿದ್ದೂ ಬರೀ ಆಧಾರ್ ಜೆರಾಕ್ಸ್.

ಎರಡು ವರ್ಷದೊಳಗಿನ ಕೂಸಾದರೆ, ಮನೆಯಲ್ಲಿ ಅಜ್ಜಿನೋ ಯಾರಾದರೂ ಹಿರಿಯರೋ ಇದ್ದರೆ, ಆಯಾ. ಮನೇಲಿ ಯಾರೂ ಇಲ್ಲ ಅಂದ್ರೆ ಡೇಕೇರೇ, ಆದರೆ ಮಧ್ಯಾಹ್ನ ಹೇಳದೆ ಕೇಳದೆ ಹೋಗಿ ತಲೆ ಎಣಿಸಿ ಬಂದಮೇಲೆ. ಒಳಗೆ ಬಿಡದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ನಿಮ್ಮ ಆಫೀಸಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದರೆ ಮೊದಲು ಅಲ್ಲೇ ಕೇಳಿ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರ ತಿದ್ದುಪಡಿ ಬಂದಾಗಿನಿಂದ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಅವರ ಜವಾಬ್ದಾರಿ, ತಾಯಿ ದಿನಕ್ಕೆ 4 ಸಲ ಹೋಗಿ ನೋಡಿಬರಬಹುದು. ಡೇಕೇರಿಗೆ ವರ್ಷದ ಫೀಸು ಒಟ್ಟಿಗೆ ಕಟ್ಟಲೇಬೇಡಿ, ತಿಂಗಳು ತಿಂಗಳು ಕಟ್ಟಿ.

ನಮ್ಮ ಡೆಪಾಸಿಟ್ ಇನ್ನೂ ಬಂದಿಲ್ಲ. ಫೋನ್ ಮಾಡಿದರೆ ಅದೇ ಆಯಾ ಎತ್ತುತ್ತಾರೆ, ಹಿಂದೆ ಯಾವುದೋ ಮಗು ಅಳ್ತಾ ಇರುತ್ತೆ. "ಮೇಡಂ ಊರಲ್ಲಿಲ್ಲ, ಬಂದ್ಮೇಲೆ ಹೇಳ್ತೀನಿ."