ಪಿಒಪಿ ಪುಡಿ, ಅಕ್ರಿಲಿಕ್ ಪೈಂಟ್, ವಾರ್ನಿಶ್: ಕಾಸರಗೋಡಿನ ಮೂರು ಮಳೆಗಾಲ ಕಂಡ ಮೇಲೆ

ನಮ್ಮ ಮನೆ ಬದಿಯಡ್ಕದ ಹತ್ರ, ಸುತ್ತ ಅಡಿಕೆ ತೋಟ, ಮಳೆಗಾಲದಲ್ಲಿ ಗೋಡೆ ಮುಟ್ಟಿದ್ರೆ ಕೈಗೆ ಪಸೆ ಹತ್ತುತ್ತದೆ. ಇಂಥಲ್ಲಿ ಪಿಒಪಿ, ಅಂದ್ರೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಅದರ ಸಾಮಾನಿಗೆ ಬಣ್ಣ ನಿಲ್ತದಾ ಅಂತ ಕೇಳಿದ್ರೆ, ನಿಲ್ತದೆ, ಆದ್ರೆ ಪೂರ್ತಿ ಒಣಗುವ ಮೊದಲು ಬ್ರಷ್ ತಾಗಿಸ್ಲಿಕ್ಕಿಲ್ಲ. ಯಕ್ಷಗಾನದ ಕಿರೀಟ, ನವಿಲು, ಬಾಗಿಲ ಮೇಲಿನ ಬಳ್ಳಿ ಎಲ್ಲ ಸೇರಿ ನಲ್ವತ್ತರ ಮೇಲೆ ಮಾಡಿದ್ದೇನೆ.

ಪುಡಿ ಬಗ್ಗೆ ದೂರಿಲ್ಲ. ಎರಡು ಲೋಟ ಪುಡಿಗೆ ಒಂದು ಲೋಟ ನೀರು, ನೀರಿಗೆ ಪುಡಿ ಉದುರಿಸ್ಬೇಕು, ಒಂದು ನಿಮಿಷ ಬಿಟ್ಟು ನಿಧಾನ ಕದಡಿದ್ರೆ ಗುಳ್ಳೆ ಕಮ್ಮಿ. ಸಿಲಿಕಾನ್ ಅಚ್ಚಿಂದ ಅರ್ಧ ಗಂಟೆಯಲ್ಲಿ ಬಿಡ್ತದೆ. ಗಟ್ಟಿ ಆಗುವಾಗ ಚೆನ್ನಾಗಿ ಬಿಸಿ ಆಗ್ತದೆ, ಮಕ್ಕಳ ಕೈ ಅಚ್ಚು ತೆಗೀಲಿಕ್ಕೆ ಇದರೊಳಗೆ ಕೈ ಇಡಿಸ್ಲೇಬೇಡಿ, ಸುಟ್ಟೀತು. ಉಳಿದದ್ದನ್ನು ಸಿಂಕಿಗೆ ಚೆಲ್ಲಿದ್ರೆ ಪೈಪಿನೊಳಗೆ ಕಲ್ಲಾಗ್ತದೆ.

ಮೊದಲ ವರ್ಷ ಜೂನ್‌ನಲ್ಲಿ ಕಿರೀಟ ಮಾಡಿ, ಎರಡು ದಿನಕ್ಕೆ ಮೇಲಿಂದ ಒಣಗಿದ ಹಾಗೆ ಕಂಡದ್ದಕ್ಕೆ ಬಣ್ಣ ಹೊಡೆದೆ. ಆಟಿ ತಿಂಗಳು (ಜುಲೈ-ಆಗಸ್ಟ್) ಬರುವಾಗ ಬಣ್ಣ ಗುಳ್ಳೆ ಎದ್ದು, ಬೇಯಿಸಿದ ಬಟಾಟೆ ಸಿಪ್ಪೆ ಹಾಗೆ ಸುಲಿದು ಬಂತು, ಹಿಂದೆ ಎಲ್ಲ ಬೂಸ್ಟು. ಬೇಗ ಒಣಗ್ಲಿ ಅಂತ ಮುಂದಿನದ್ದನ್ನು ಒಲೆ ಮೇಲಿನ ಅಟ್ಟದಲ್ಲಿಟ್ಟೆ, ಅದರ ಅಂಚೆಲ್ಲ ಹಿಟ್ಟು ಹಿಟ್ಟಾಯ್ತು. ಪುಡಿ ಗಟ್ಟಿ ಆಗುವುದೇ ಒಂದಷ್ಟು ನೀರನ್ನು ತನ್ನೊಳಗೆ ಕಟ್ಟಿಕೊಂಡು, ಜಾಸ್ತಿ ಕಾವು ಕೊಟ್ರೆ ಆ ನೀರೂ ಹೋಗಿ ವಾಪಸ್ ಪುಡಿಯೇ. ಕಾವು ಬೇಡ, ಗಾಳಿ ಬೇಕು.

ಈಗ ಅಡುಗೆಮನೆ ತಕ್ಕಡಿಯಲ್ಲಿ ದಿನಾ ತೂಗ್ತೇನೆ. ಅಚ್ಚಿಂದ ತೆಗೆದಾಗ 930 ಗ್ರಾಂ ಇದ್ದ ಕಿರೀಟ ಇಳಿದು ಇಳಿದು 710ರಲ್ಲಿ ನಿಂತಿತು, ಬೇಸಿಗೆಯಲ್ಲಿ ಇದಕ್ಕೆ ಒಂದು ವಾರ ಸಾಕು, ಮಳೆಗಾಲದಲ್ಲಿ ಫ್ಯಾನ್ ಹಾಕಿಯೂ ಮೂರು ವಾರ ಹಿಡೀತು. ತಕ್ಕಡಿ ಇಲ್ಲದಿದ್ರೆ ಕೆನ್ನೆಗೆ ಇಟ್ಟು ನೋಡಿ, ತಣ್ಣಗೆ ಇದ್ರೆ ಒಳಗೆ ಇನ್ನೂ ನೀರುಂಟು.

ಒಣಗಿದ ಮೇಲೆ 220 ನಂಬರ್ ಸ್ಯಾಂಡ್ ಪೇಪರ್, ಮೂಗಿಗೆ ಮಾಸ್ಕ್. ಆಮೇಲೆ ಸೀಲ್ ಮಾಡದಿದ್ರೆ ಪ್ಲಾಸ್ಟರ್ ಬಣ್ಣವನ್ನು ಕುಡೀತದೆ. ಬಿಳಿ ಗಮ್ ನೀರು ಮಾಡಿ ಬಳಿದು ನೋಡಿದೆ, ಮಳೆಗೆ ಅಂಟಂಟಾಯ್ತು. ಗೋಡೆಗೆ ಹೊಡೆಯುವ ವಾಟರ್ ಪ್ರೈಮರ್ ಅರ್ಧಕ್ಕರ್ಧ ನೀರು ಹಾಕಿ ಒಂದು ಕೋಟ್, ಮರುದಿನ ಸ್ವಲ್ಪ ದಪ್ಪಕ್ಕೆ ಇನ್ನೊಂದು, ಇದಕ್ಕೆ ಐದರಲ್ಲಿ ಐದು ಕೊಡ್ತೇನೆ.

ಪೈಂಟಿಗೆ ದುಬಾರಿ ಟ್ಯೂಬ್ ಬೇಕಂತಿಲ್ಲ. ಚಿನ್ನದ ಬಣ್ಣವನ್ನು ಬಿಳಿ ಮೇಲೆ ನೇರ ಹೊಡೆದ್ರೆ ಮಾತ್ರ ಹಿತ್ತಾಳೆ ಪೇಪರ್ ಅಂಟಿಸಿದ ಹಾಗೆ ಕಾಣ್ತದೆ. ಕಡು ಕೆಂಪೋ ಕಾಫಿ ಬಣ್ಣವೋ ಅಡಿಗೆ ಹೊಡೆದು, ಬ್ರಷ್ ಬಟ್ಟೆಗೆ ಒರಸಿ ಹೆಚ್ಚುಕಮ್ಮಿ ಒಣ ಮಾಡಿ, ಉಬ್ಬಿದ ಜಾಗಕ್ಕೆ ಮಾತ್ರ ಚಿನ್ನ ಸವರಿದ್ರೆ ವೇಷದ ಕಿರೀಟದ ಬೇಗಡೆ ಹೊಳೆದ ಹಾಗೆ ಬರ್ತದೆ. ಯಕ್ಷಗಾನ ಪ್ರಸಂಗ ಬರೆದ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯವರು ನಾವು, ಕಿರೀಟದ ಬಣ್ಣ ತಪ್ಪಿದ್ರೆ ನೋಡಿದವರಿಗೆ ಕೂಡ್ಲೇ ಗೊತ್ತಾಗ್ತದೆ. "ಇದು ಬಡಗಿನ ಹಾಗೆ ಕಾಣ್ತದಲ್ಲ ಅಕ್ಕ" ಅಂತ, ಅಂದ್ರೆ ನಮ್ಮ ತೆಂಕುತಿಟ್ಟಿನದ್ದಲ್ಲ, ಉತ್ತರದ ಕಡೆಯ ಬಡಗುತಿಟ್ಟು ಯಕ್ಷಗಾನದ್ದು ಅಂತ, ಪಕ್ಕದ ಮನೆ ಹುಡುಗ ಹೇಳಿದ ಮೇಲೆ ಒಂದನ್ನು ಪೂರ್ತಿ ಉಜ್ಜಿ ತೆಗೆದು ಪುನಃ ಬಣ್ಣ ಹಾಕಿದ್ದೇನೆ.

ಆಯಿಲ್ ವಾರ್ನಿಶ್ ಹೊಡೆದ ಬಿಳಿ ನವಿಲು ವರ್ಷದೊಳಗೆ ಹಳದಿ ಆಯ್ತು. ವಾಟರ್ ಬೇಸ್ ಮ್ಯಾಟ್ ವಾರ್ನಿಶ್ ಹೊಡೆದದ್ದು ಮೂರನೇ ಮಳೆಗೂ ಹಾಗೇ ಉಂಟು. ಎದುರಿಗೆ ಎಷ್ಟು ಕೋಟೋ ಹಿಂದೆಯೂ ಅಷ್ಟೇ ಬೇಕು, ನಮ್ಮಲ್ಲಿ ಪಸೆ ಬರುವುದು ಗೋಡೆ ಕಡೆಯಿಂದ. ಹಿಂದೆ ಎರಡು ರಬ್ಬರ್ ಬುಶ್ ಅಂಟಿಸಿ ನೇತು ಹಾಕಿದ್ರೆ ಗಾಳಿ ಆಡ್ತದೆ, ಹಾಗೆ ಮಾಡಿದ ಮೇಲೆ ಬೂಸ್ಟು ಬರ್ಲಿಲ್ಲ.

ಎಷ್ಟು ಕೋಟ್ ಹೊಡೆದ್ರೂ ಮಳೆ ಬೀಳುವ ಜಾಗಕ್ಕಲ್ಲ ಇದು, ಪ್ಲಾಸ್ಟರ್ ನೀರಿಗೆ ಸ್ವಲ್ಪ ಸ್ವಲ್ಪ ಕರಗ್ತದೆ. ಚೌತಿ ಗಣಪತಿಯನ್ನಂತೂ ಇದರಲ್ಲಿ ಮಾಡ್ಬೇಡಿ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲೇ ಪಿಒಪಿ ಮೂರ್ತಿ ಬೇಡ ಅಂದಿದೆ, ನಮಗೆ ಗದ್ದೆ ಮಣ್ಣು ಉಂಟಲ್ಲ.

ಪುಡಿಯನ್ನು ಡಿಸೆಂಬರ್ ನಂತರ ತಗೊಳ್ಳಿ, ಮಳೆಗಾಲದ ಚೀಲ ಅಂಗಡಿಯಲ್ಲೇ ಪಸೆ ಎಳ್ಕೊಂಡಿರ್ತದೆ, ಮನೆಗೆ ತಂದ ಕೂಡ್ಲೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿಡಿ.